ಸೋಲನ್ನೂ ಬರೆದಿಟ್ಟ ದಿನಚರಿ: ಮೈಕೆಲ್ ಫ್ಯಾರಡೆ

ಬೋಧನಾಭ್ಯಾಸಕ್ಕೆ ಶಾಲೆಗೆ ಹೊರಡುವ ಪ್ರಶಿಕ್ಷಣಾರ್ಥಿಯ ಚೀಲದಲ್ಲಿ ಎರಡು ಪುಸ್ತಕಗಳು ಇದ್ದೇ ಇರುತ್ತವೆ. ಪಾಠ ಯೋಜನೆಯದು ಒಂದು, ಚಿಂತನಶೀಲ ದಿನಚರಿಯದು ಇನ್ನೊಂದು. ಮೊದಲನೆಯದನ್ನು ಹಿಂದಿನ ರಾತ್ರಿ ಕಷ್ಟಪಟ್ಟು ಬರೆಯುತ್ತೇವೆ. ಎರಡನೆಯದನ್ನು ಸಹಿಗೆ ಕೊಡುವ ಮುನ್ನಾದಿನ ಇಡೀ ವಾರದ್ದನ್ನು ಒಟ್ಟಿಗೆ ತುಂಬಿಸುವವರು ನಮ್ಮಲ್ಲಿ ಹಲವರಿದ್ದೇವೆ, ನಾನೂ ಒಬ್ಬಳು. ಒಮ್ಮೆ ಹತ್ತನೇ ತರಗತಿಗೆ ವಿದ್ಯುತ್ ಪ್ರವಾಹದ ಕಾಂತೀಯ ಪರಿಣಾಮದ ಪಾಠ ಮಾಡಿದೆ. ತಂತಿಯ ಕೆಳಗಿಟ್ಟ ದಿಕ್ಸೂಚಿಯ ಸೂಜಿ ಅಲುಗಲೇ ಇಲ್ಲ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸೂಜಿ ತಿರುಗುತ್ತದೆ ಎಂದು ಬಾಯಲ್ಲಿ ಹೇಳಿ ಮುಂದೆ ಹೋದೆ. ದಿನಚರಿಯಲ್ಲಿ ಮಾತ್ರ, ಪ್ರಯೋಗದ ಮೂಲಕ ಪರಿಕಲ್ಪನೆಯನ್ನು ಪರಿಣಾಮಕಾರಿಯಾಗಿ ಮೂಡಿಸಲಾಯಿತು ಎಂದು ಬರೆದೆ. ಆ ಸುಳ್ಳು ಸಾಲು ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ನಾಲ್ಕು ದಶಕಗಳ ಕಾಲ ಪ್ರಯೋಗಾಲಯದ ದಿನಚರಿ ಬರೆದ ಮೈಕೆಲ್ ಫ್ಯಾರಡೆಯವರ ಬದುಕನ್ನು ಮತ್ತೆ ಓದಲು ಅದೇ ಕಾರಣ.

ಫ್ಯಾರಡೆ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಲಂಡನ್ನಿಗೆ ಹೊಂದಿಕೊಂಡ ನ್ಯೂಯಿಂಗ್ಟನ್ ಬಟ್ಸ್ ಎಂಬಲ್ಲಿ. ತಂದೆ ಜೇಮ್ಸ್ ಕಮ್ಮಾರರು; ಆರೋಗ್ಯ ಸರಿಯಿಲ್ಲದೆ ಕೆಲಸ ಆಗಾಗ ನಿಲ್ಲುತ್ತಿತ್ತು. ಮನೆಯಲ್ಲಿ ಬಡತನ. ಶಾಲೆಯಲ್ಲಿ ಸಿಕ್ಕಿದ್ದು ಓದು, ಬರಹ ಮತ್ತು ಸ್ವಲ್ಪ ಲೆಕ್ಕ ಮಾತ್ರ. ಹದಿಮೂರನೇ ವಯಸ್ಸಿಗೆ ಜಾರ್ಜ್ ರೀಬೋ ಎಂಬವರ ಪುಸ್ತಕದಂಗಡಿಯಲ್ಲಿ ಪತ್ರಿಕೆ ಹಂಚುವ ಕೆಲಸಕ್ಕೆ ಸೇರಿದರು. ಮರುವರ್ಷ ಅಲ್ಲಿಯೇ ಏಳು ವರ್ಷಗಳ ಒಪ್ಪಂದದ ಮೇಲೆ ಪುಸ್ತಕದ ಬೈಂಡಿಂಗ್ ಕಲಿಯತೊಡಗಿದರು. ಬೈಂಡಿಂಗಿಗೆ ಬಂದ ಪುಸ್ತಕಗಳನ್ನು ಬಿಡುವಿನಲ್ಲಿ ಓದುವುದೇ ಅವರ ಪ್ರೌಢಶಾಲೆಯಾಯಿತು.

ಹಾಗೆ ಕೈಗೆ ಸಿಕ್ಕ ಪುಸ್ತಕಗಳಲ್ಲಿ ಬುದ್ಧಿಯನ್ನು ಬೆಳೆಸಿಕೊಳ್ಳುವ ಬಗೆಯನ್ನು ಕುರಿತು ಐಸಾಕ್ ವಾಟ್ಸ್ ಬರೆದದ್ದೂ ಒಂದು. ಓದಿದ್ದನ್ನು ಟಿಪ್ಪಣಿ ಮಾಡಿಕೊಳ್ಳಬೇಕು, ಉಪನ್ಯಾಸಗಳಿಗೆ ಹೋಗಬೇಕು, ಸಮಾನ ಆಸಕ್ತರೊಡನೆ ಪತ್ರ ವ್ಯವಹಾರ ಇಟ್ಟುಕೊಳ್ಳಬೇಕು ಎಂಬಂಥ ಸಲಹೆಗಳು ಅದರಲ್ಲಿದ್ದವು. ಹದಿಹರೆಯದ ಫ್ಯಾರಡೆ ಇವನ್ನು ಅಕ್ಷರಶಃ ಪಾಲಿಸಿದರು. 1809ರಲ್ಲಿ ವಿಜ್ಞಾನದ ಸಂಗತಿಗಳನ್ನು ಬರೆದಿಡಲು ಒಂದು ಪುಸ್ತಕ ಆರಂಭಿಸಿದರು. ಅವರಿಗೆ ತಮ್ಮ ನೆನಪಿನ ಶಕ್ತಿಯ ಮೇಲೆ ನಂಬಿಕೆ ಕಡಿಮೆ. ಈ ಕೊರತೆಯ ಬಗ್ಗೆ ಜೀವನದುದ್ದಕ್ಕೂ ಹೇಳಿಕೊಂಡಿದ್ದಾರೆ. ಮರೆಯುತ್ತೇನೆಂದು ಗೊತ್ತಿದ್ದುದರಿಂದಲೇ ಅವರು ಬರೆಯುತ್ತಿದ್ದರು.

1810ರಿಂದ ಜಾನ್ ಟೇಟಮ್ ಎಂಬವರ ಮನೆಯಲ್ಲಿ ಸಂಜೆ ನಡೆಯುತ್ತಿದ್ದ ವಿಜ್ಞಾನದ ಉಪನ್ಯಾಸಗಳಿಗೆ ಹೋಗತೊಡಗಿದರು. ಒಂದು ಉಪನ್ಯಾಸಕ್ಕೆ ಒಂದು ಶಿಲಿಂಗ್ ಶುಲ್ಕ. ಆ ಹಣವನ್ನು ಕಮ್ಮಾರಿಕೆ ಮಾಡುತ್ತಿದ್ದ ಅಣ್ಣ ರಾಬರ್ಟ್ ಕೊಡುತ್ತಿದ್ದರು. ಕೇಳುವಾಗ ಮುಖ್ಯ ಪದಗಳನ್ನಷ್ಟೇ ಗುರುತು ಹಾಕಿಕೊಂಡು, ಮನೆಗೆ ಬಂದು ಚಿತ್ರಸಹಿತ ವಿಸ್ತಾರವಾಗಿ ಬರೆಯುವುದು ಅವರ ಕ್ರಮ. 1812ರಲ್ಲಿ ಅಂಗಡಿಗೆ ಬರುತ್ತಿದ್ದ ಗ್ರಾಹಕರೊಬ್ಬರು ಕೊಟ್ಟ ಟಿಕೆಟ್ಟಿನಿಂದ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿಯವರ ನಾಲ್ಕು ಉಪನ್ಯಾಸಗಳನ್ನು ಕೇಳಿದರು. ಸುಮಾರು 300 ಪುಟಗಳ ಟಿಪ್ಪಣಿಯನ್ನು ತಾವೇ ಬೈಂಡ್ ಮಾಡಿ ಡೇವಿಯವರಿಗೆ ಕಳಿಸಿದರು. 1813ರ ಮಾರ್ಚ್‌ನಲ್ಲಿ ಅದೇ ಸಂಸ್ಥೆಯ ಪ್ರಯೋಗಾಲಯದಲ್ಲಿ ಸಹಾಯಕರಾದರು. ಪದವಿಯಿಲ್ಲದ ಹುಡುಗನಿಗೆ ಟಿಪ್ಪಣಿ ಪುಸ್ತಕವೇ ಅರ್ಹತಾ ಪತ್ರವಾಯಿತು.

ಅದೇ ವರ್ಷ ಡೇವಿ ದಂಪತಿಯೊಡನೆ ಯೂರೋಪ್ ಪ್ರವಾಸ ಹೊರಟು, 1815ರಲ್ಲಿ ಮರಳಿದರು. ಡೇವಿಯವರ ಸೇವಕ ಕೊನೆಗಳಿಗೆಯಲ್ಲಿ ಬರಲೊಪ್ಪದ ಕಾರಣ ಅವನ ಕೆಲಸವೂ ಫ್ಯಾರಡೆಯವರ ಹೆಗಲಿಗೆ ಬಿತ್ತು. ಡೇವಿಯವರ ಪತ್ನಿ ಅವರನ್ನು ಆಳಿನಂತೆಯೇ ನಡೆಸಿಕೊಂಡರು. ವಾಪಸು ಹೋಗಿಬಿಡುವ ಯೋಚನೆಯೂ ಬಂದದ್ದುಂಟು. ಆ ನೋವನ್ನು ಗೆಳೆಯ ಬೆಂಜಮಿನ್ ಅಬಟ್‌ಗೆ ಬರೆದ ಪತ್ರಗಳಲ್ಲಿ ಹೇಳಿಕೊಂಡರು. ಜೊತೆಗೆ ಪ್ರವಾಸದ ದಿನಚರಿಯನ್ನೂ ಬರೆದರು. ಫ್ಲಾರೆನ್ಸಿನಲ್ಲಿ ದೊಡ್ಡ ಮಸೂರದಿಂದ ವಜ್ರವನ್ನು ಉರಿಸಿದ ಪ್ರಯೋಗ, ವೆಸೂವಿಯಸ್ ಜ್ವಾಲಾಮುಖಿ ಹತ್ತಿದ್ದು, ಇಟಲಿಯಲ್ಲಿ ವೃದ್ಧ ವೋಲ್ಟಾರನ್ನು ಕಂಡದ್ದು ಹೀಗೆ ಅವರ ಅನುಭವಗಳು ಬೆಳೆದವು. ಅವಮಾನದ ನಡುವೆಯೂ ಆ ಪ್ರವಾಸ ಅವರಿಗೆ ವಿಶ್ವವಿದ್ಯಾಲಯವಾಯಿತು.

ಶಿಕ್ಷಕರಾಗುವ ನಮಗೆ ಇನ್ನೊಂದು ಸಂಗತಿ ಮುಖ್ಯ. ಪ್ರವಾಸಕ್ಕೆ ಮುಂಚೆಯೇ ಫ್ಯಾರಡೆ ಅಬಟ್‌ಗೆ ಬರೆದ ಪತ್ರಗಳಲ್ಲಿ ಉಪನ್ಯಾಸ ಕೊಡುವವರನ್ನು ಸೂಕ್ಷ್ಮವಾಗಿ ಅವಲೋಕಿಸಿದ್ದರು. ಕೊಠಡಿಯ ಗಾಳಿ ಬೆಳಕು, ಉಪಕರಣಗಳ ಜೋಡಣೆ, ಮಾತಿನ ವೇಗ, ಒಂದು ಗಂಟೆ ಮೀರಬಾರದ ಅವಧಿ ಎಲ್ಲವೂ ಅಲ್ಲಿ ಬರುತ್ತವೆ. ಇಂದು ನಾವು ತುಂಬಿಸುವ ಅವಲೋಕನ ಪಟ್ಟಿಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಮುಂದೆ ತಾವೇ ಮಾತನಾಡತೊಡಗಿದಾಗ ವಾಕ್ಪಟುತ್ವದ ತರಬೇತಿ ಪಡೆದರು. 1827ರಿಂದ 1860ರ ನಡುವೆ ಮಕ್ಕಳಿಗಾಗಿ 19 ಕ್ರಿಸ್‌ಮಸ್ ಉಪನ್ಯಾಸ ಮಾಲೆಗಳನ್ನು ನೀಡಿದರು. ಮೇಣದ ಬತ್ತಿಯನ್ನು ಕುರಿತ ಮಾಲೆ ಇಂದಿಗೂ ವಿಜ್ಞಾನ ಬೋಧನೆಗೆ ಮಾದರಿ.

ಪ್ರಯೋಗಾಲಯದ ದಿನಚರಿ 1820ರಿಂದ ಆರಂಭವಾಗುತ್ತದೆ. ವಿದ್ಯುತ್ತು ಕಾಂತತ್ವವನ್ನು ಉಂಟುಮಾಡುತ್ತದೆ ಎಂದು ಅದೇ ವರ್ಷ ಅರ್ಸ್ಟೆಡ್ ತೋರಿಸಿದ್ದರು. ಹಾಗಾದರೆ ಕಾಂತತ್ವದಿಂದ ವಿದ್ಯುತ್ತನ್ನು ಪಡೆಯಬಹುದಲ್ಲವೇ ಎಂಬ ಪ್ರಶ್ನೆಯನ್ನು ಫ್ಯಾರಡೆ ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಗುರುತು ಹಾಕಿಕೊಂಡರು. 1825ರಲ್ಲಿ ಮಾಡಿದ ಪ್ರಯೋಗ ಫಲ ಕೊಡಲಿಲ್ಲ. ಫಲ ಸಿಗಲಿಲ್ಲವೆಂಬುದನ್ನೇ ಬರೆದಿಟ್ಟರು. 1831ರ ಆಗಸ್ಟ್ 29ರಂದು ಕಬ್ಬಿಣದ ಬಳೆಯ ಎರಡು ಬದಿಗೆ ತಂತಿ ಸುತ್ತಿ, ಒಂದು ಸುರುಳಿಗೆ ಬ್ಯಾಟರಿ ಜೋಡಿಸಿದರು. ಜೋಡಿಸಿದ ಕ್ಷಣ ಮತ್ತು ಬಿಡಿಸಿದ ಕ್ಷಣ ಮಾತ್ರ ಎರಡನೇ ಸುರುಳಿಯ ಬಳಿಯ ಸೂಜಿ ಅಲುಗಿತು. ಎಡೆಬಿಡದ ಪ್ರವಾಹ ನಿರೀಕ್ಷಿಸಿದ್ದವರಿಗೆ ಅದು ಸೋಲಿನಂತೆ ಕಾಣಬಹುದಿತ್ತು. ಅವರು ಕಂಡದ್ದನ್ನು ಕಂಡಂತೆಯೇ ಬರೆದರು. ಬದಲಾವಣೆಯೇ ಪ್ರವಾಹಕ್ಕೆ ಕಾರಣ ಎಂಬುದು ಆ ಕಿರು ಅಲುಗಾಟದಲ್ಲಿ ಅಡಗಿತ್ತು. ಅಕ್ಟೋಬರ್ 17ರಂದು ಸುರುಳಿಯೊಳಗೆ ದಂಡಕಾಂತವನ್ನು ನೂಕಿ ವಿದ್ಯುತ್ತನ್ನು ಪಡೆದರು.

1832ರಿಂದ ದಿನಚರಿಯ ಪ್ರತಿ ಪ್ಯಾರಾಕ್ಕೂ ಕ್ರಮಸಂಖ್ಯೆ ಹಾಕತೊಡಗಿದರು. ಆ ಸಂಖ್ಯೆ ಕೊನೆಗೆ 16041ಕ್ಕೆ ಮುಟ್ಟಿತು. ಸಂಖ್ಯೆಯಿದ್ದರೆ ಹಳೆಯ ಮಾತನ್ನು ಹುಡುಕಿ ಹೊಸದರೊಡನೆ ಜೋಡಿಸಬಹುದು. ಅವರು ಬರೆದು ಮುಚ್ಚಿಡುತ್ತಿರಲಿಲ್ಲ, ಹಿಂದಿರುಗಿ ಓದುತ್ತಿದ್ದರು.

1840ರ ಹೊತ್ತಿಗೆ ದಣಿವು, ತಲೆಸುತ್ತು, ಮರೆವು ಅವರನ್ನು ಹಣ್ಣು ಮಾಡಿದವು. 1841ರಲ್ಲಿ ಪತ್ನಿ ಸಾರಾರೊಡನೆ ಸ್ವಿಟ್ಜರ್‌ಲ್ಯಾಂಡಿಗೆ ಹೋಗಿ ಕೆಲವು ತಿಂಗಳು ಬೆಟ್ಟಗಳಲ್ಲಿ ನಡೆದಾಡಿದರು. ಸಂಶೋಧನೆ ಬಿಟ್ಟಿದ್ದರೂ ಬರೆಯುವುದನ್ನು ಬಿಡಲಿಲ್ಲ. ಜಲಪಾತಗಳನ್ನು ಬರೆದರು, ಮೊಳೆ ಮಾಡುವ ಕುಲುಮೆಯನ್ನು ಕಂಡಾಗ ಕಮ್ಮಾರನಾಗಿದ್ದ ತಂದೆಯನ್ನು ನೆನೆದರು. ಆ ಬರಹದಿಂದ ಯಾವ ಸಂಶೋಧನೆಯೂ ಆಗಬೇಕಿರಲಿಲ್ಲ. ದಣಿದ ಮನಸ್ಸಿಗೆ ಅದೊಂದು ಊರುಗೋಲಾಗಿತ್ತು ಎಂದು ನನಗನ್ನಿಸುತ್ತದೆ.

1845ರಲ್ಲಿ ಬೆಳಕಿನ ಮೇಲೆ ಕಾಂತದ ಪರಿಣಾಮ ಹುಡುಕುವಾಗ ಹಲವು ಪದಾರ್ಥಗಳು ಫಲ ಕೊಡಲಿಲ್ಲ. ಸೆಪ್ಟೆಂಬರ್ 13ರಂದು, ವರ್ಷಗಳ ಹಿಂದೆ ತಾವೇ ತಯಾರಿಸಿಟ್ಟಿದ್ದ ಭಾರದ ಗಾಜಿನಲ್ಲಿ ಅದು ಕಂಡಿತು. 1849ರಲ್ಲಿ ಗುರುತ್ವಕ್ಕೂ ವಿದ್ಯುತ್ತಿಗೂ ನಂಟು ಹುಡುಕಿ ಸೋತರು, ಅದನ್ನೂ ಬರೆದರು. 1862ರ ಮಾರ್ಚ್ 12ರ ಕೊನೆಯ ಪ್ರಯೋಗ, ಜ್ವಾಲೆಯ ರೋಹಿತದ ಮೇಲೆ ಕಾಂತದ ಪರಿಣಾಮವನ್ನು ಕುರಿತದ್ದು, ಅದೂ ಫಲ ಕೊಡಲಿಲ್ಲ. ಅವರ ಉಪಕರಣಕ್ಕೆ ಕಾಣದ ಆ ಪರಿಣಾಮವನ್ನು 1896ರಲ್ಲಿ ಝೀಮನ್ ಕಂಡರು. 1867ರ ಆಗಸ್ಟ್ 25ರಂದು ಫ್ಯಾರಡೆ ತೀರಿಕೊಂಡರು.

ಇದನ್ನೆಲ್ಲ ಓದಿದ ಮೇಲೆ ನನ್ನ ದಿನಚರಿಯ ಆ ಸಾಲನ್ನು ಹೊಡೆದುಹಾಕಿ, ನಡೆದದ್ದನ್ನು ನಡೆದಂತೆ ಬರೆದೆ. ಸೆಲ್ ಯಾವುದು, ತಂತಿ ಹೇಗಿತ್ತು, ಸೂಜಿ ಎತ್ತ ನೋಡುತ್ತಿತ್ತು ಎಂದು ಬರೆಯುತ್ತಿದ್ದಾಗಲೇ ತಪ್ಪು ಹೊಳೆಯಿತು. ತಂತಿಯನ್ನು ಪೂರ್ವ–ಪಶ್ಚಿಮವಾಗಿ ಎಳೆದಿದ್ದೆ. ಆಗ ತಂತಿಯ ಕೆಳಗಿನ ಕಾಂತಕ್ಷೇತ್ರವೂ ಉತ್ತರ–ದಕ್ಷಿಣವಾಗಿಯೇ ಇರುತ್ತದೆ. ಮೊದಲೇ ಆ ದಿಕ್ಕಿಗೆ ನಿಂತ ಸೂಜಿ ತಿರುಗಬೇಕಿಲ್ಲ. ಮುಂದಿನ ತರಗತಿಯಲ್ಲಿ ನನ್ನ ತಪ್ಪನ್ನು ಮಕ್ಕಳಿಗೆ ಹೇಳಿ, ತಂತಿಯನ್ನು ಉತ್ತರ–ದಕ್ಷಿಣವಾಗಿ ಹಿಡಿದೆ. ಸೂಜಿ ಪಕ್ಕಕ್ಕೆ ಸರಿಯಿತು. ಮೇಲ್ವಿಚಾರಕರು ಆ ಪುಟಕ್ಕೂ ಎಂದಿನಂತೆ ಸಹಿ ಹಾಕಿದರು. ಈಗ ಪ್ರತಿದಿನ ಶಾಲೆಯಿಂದ ಬಂದ ಕೂಡಲೇ ಹತ್ತು ನಿಮಿಷ ಬರೆಯುತ್ತೇನೆ, ಪ್ಯಾರಾಕ್ಕೆ ಸಂಖ್ಯೆ ಹಾಕಿ. ಇಂದಿನದು 43.