ಪಕ್ಕದ ಬೀದಿಯೇ ಪಾಠಶಾಲೆ: ಪ್ರೊ. ಎಂ.ಎನ್. ಶ್ರೀನಿವಾಸ್

1916ರಲ್ಲಿ ಮೈಸೂರಿನಲ್ಲಿ ಜನಿಸಿದ ಶ್ರೀನಿವಾಸರ ಮನೆ ಬ್ರಾಹ್ಮಣರೇ ಹೆಚ್ಚಾಗಿದ್ದ ಕಾಲೇಜು ರಸ್ತೆಯಲ್ಲಿತ್ತು. ಕೂಗಳತೆಯಲ್ಲೇ ಕುರುಬರ ಬಂಡಿಕೇರಿ. ಅಲ್ಲಿನ ಬದುಕು ಬಾಲಕನಿಗೆ ಬೇರೆಯೇ ಲೋಕವಾಗಿ ಕಂಡಿತು. ಮಹಾರಾಜ ಕಾಲೇಜಿನ ಬಿ.ಎ. ಆನರ್ಸ್‌ಗೆ ಅವರು ಆರಿಸಿಕೊಂಡ ವಿಷಯ ಸಾಮಾಜಿಕ ತತ್ತ್ವಶಾಸ್ತ್ರ; ಅದರಲ್ಲಿ ಮಾನವಶಾಸ್ತ್ರವೂ ಸೇರಿತ್ತು. 1936ರಲ್ಲಿ ಪದವೀಧರರಾಗಿ ಮುಂಬಯಿಯಲ್ಲಿ ಘುರ್ಯೆ ಅವರ ಬಳಿ ಕಲಿತು, ಆಕ್ಸ್‌ಫರ್ಡ್‌ವರೆಗೂ ಹೋದರು. ಆದರೆ 1948ರಲ್ಲಿ ಅಧ್ಯಯನಕ್ಕೆಂದು ನೆಲೆನಿಂತದ್ದು ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ. 1970ರಲ್ಲಿ ಅಮೆರಿಕದಲ್ಲಿ ಆ ಹಳ್ಳಿಯ ಟಿಪ್ಪಣಿಗಳು ಬೆಂಕಿಗೆ ಆಹುತಿಯಾದವು. ಎದೆಗುಂದದೆ ನೆನಪಿನಿಂದಲೇ ಬರೆದ ಗ್ರಂಥ 1976ರಲ್ಲಿ ಪ್ರಕಟವಾಗಿ ಜಗತ್ಪ್ರಸಿದ್ಧವಾಯಿತು. 1999ರಲ್ಲಿ ಅವರು ಬೆಂಗಳೂರಿನಲ್ಲಿ ನಿಧನರಾದರು.

ಬುರೈಮಿಯಲ್ಲಿ ನಮಗೂ ನೆರೆಮನೆಯೇ ಬೇರೆ ಲೋಕ. ಎಂಜಿನಿಯರಿಂಗ್ ಬಿಟ್ಟು ಮಾನವಶಾಸ್ತ್ರ ಓದುತ್ತೇನೆಂದು ಮಗಳು ಹೇಳಿದರೆ, ಹುಬ್ಬು ಗಂಟಿಕ್ಕುವ ಮುನ್ನ ಬಂಡಿಕೇರಿಯನ್ನು ನೆನೆಯೋಣ.