ಜ್ಯಾಕ್ ಕೆರುವಾಕ್

ಮಹನೀಯರ ಜೀವನಚರಿತ್ರೆಯನ್ನು ಓದುವಾಗ ಅನುಕರಣೀಯವಾದ ಗುಣಗಳನ್ನು ಹುಡುಕುವುದು ನಮ್ಮ ರೂಢಿ. ಅಮೆರಿಕದ ಕಾದಂಬರಿಕಾರ ಜ್ಯಾಕ್ ಕೆರುವಾಕನ ಬಾಳಿಗೆ ಈ ರೂಢಿ ಒಗ್ಗುವುದಿಲ್ಲ. ಅವನಲ್ಲಿ ಅನುಕರಿಸಬಾರದುದೇ ಬಹಳ. ಆದರೂ ಈ ವರ್ಷ ನಾನು ಓದಿದ ಚರಿತ್ರೆಗಳಲ್ಲಿ ನನ್ನನ್ನು ಬಹು ದಿನ ಯೋಚನೆಗೆ ಹಚ್ಚಿದುದು ಇದೊಂದೇ.

ಕೆರುವಾಕ್ ಹುಟ್ಟಿದುದು 1922ರ ಮಾರ್ಚ್ 12ರಂದು, ಮ್ಯಾಸಚೂಸೆಟ್ಸ್ ರಾಜ್ಯದ ಲೊವೆಲ್ ಎಂಬ ಬಟ್ಟೆಗಿರಣಿಗಳ ಊರಿನಲ್ಲಿ. ತಂದೆ ಮುದ್ರಣದ ಕಸುಬಿನವನು. ತಾಯಿತಂದೆಗಳಿಬ್ಬರೂ ಕೆನಡಾದ ಫ್ರೆಂಚ್ ಮೂಲದವರು, ಮನೆಮಾತು ಫ್ರೆಂಚ್. ಹುಡುಗನಿಗೆ ಇಂಗ್ಲಿಷ್ ಬಂದುದು ಶಾಲೆಯ ವಯಸ್ಸಿನಲ್ಲಿ. ಮುಂದೆ ಇಂಗ್ಲಿಷ್ ಗದ್ಯದ ನಡಿಗೆಯನ್ನೇ ಬದಲಿಸಿದವನು ಆ ಭಾಷೆಯನ್ನು ಮನೆಯಿಂದ ಪಡೆದವನಲ್ಲ ಎಂಬುದನ್ನು, ಇಂಗ್ಲಿಷ್ ತರಗತಿಯಲ್ಲಿ ಹಿಂದಿನ ಬೆಂಚನ್ನು ಹುಡುಕುವ ನನ್ನಂಥವರು ಗಮನಿಸಬೇಕು.

ಫುಟ್‌ಬಾಲ್ ಆಟದ ಬಲದಿಂದ ವಿದ್ಯಾರ್ಥಿವೇತನ ದೊರೆತು, 1940ರಲ್ಲಿ ಅವನು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯವನ್ನು ಸೇರಿದನು. ಆಟದಲ್ಲಿ ಕಾಲು ಮುರಿಯಿತು. ಓದೂ ನಡುವೆಯೇ ನಿಂತಿತು. ಯುದ್ಧಕಾಲದಲ್ಲಿ ಸರಕುಹಡಗಿನಲ್ಲಿ ದುಡಿದನು. 1944ರಲ್ಲಿ ಅಲೆನ್ ಗಿನ್ಸ್‌ಬರ್ಗ್, ವಿಲಿಯಂ ಬರೋಸ್ ಇವರ ಸ್ನೇಹವಾಯಿತು.

ಯುದ್ಧ ಗೆದ್ದ ಅಮೆರಿಕ ಆಗ ಕಾರು, ಮನೆ, ನೌಕರಿಗಳ ಸುಖವನ್ನು ಎಣಿಸುತ್ತಿತ್ತು. ಅದರ ಬೆನ್ನಿಗೇ ಅಣುಬಾಂಬಿನ ಭಯವೂ ಇತ್ತು. ಈ ಸುಖ ಸಾಕೇ ಎಂದು ಕೇಳಿದ ತರುಣರಿಗೆ 1948ರಲ್ಲಿ ಕೆರುವಾಕ್ ಬೀಟ್ ಪೀಳಿಗೆ ಎಂಬ ಹೆಸರಿಟ್ಟನು. ಬೀಟ್ ಎಂದರೆ ಬಳಲಿದವನು, ಸೋತವನು. ಮುಂದೆ ಅವನೇ ಅದಕ್ಕೆ ಧನ್ಯತೆಯ ಅರ್ಥವನ್ನೂ ಕೂಡಿಸಿದನು.

ಗೆಳೆಯ ನೀಲ್ ಕ್ಯಾಸಡಿಯೊಡನೆ ದೇಶದ ಉದ್ದಗಲ ಸುತ್ತಿದ ಅನುಭವವನ್ನು 1951ರ ಏಪ್ರಿಲ್‌ನಲ್ಲಿ ಅವನು ಕಾದಂಬರಿಯಾಗಿ ಬರೆದನು. ಹಾಳೆ ಬದಲಿಸುವಾಗ ಭಾವದ ಓಟ ಕಡಿಯಬಾರದೆಂದು ಕಾಗದಗಳನ್ನು ಅಂಟಿಸಿ, ಸುಮಾರು 120 ಅಡಿಯ ಸುರುಳಿ ಮಾಡಿ, ಮೂರೇ ವಾರಗಳಲ್ಲಿ ಟೈಪು ಮಾಡಿ ಮುಗಿಸಿದನು. ಆದರೆ ಅದರ ಹಿಂದೆ ಹಲವು ವರ್ಷಗಳ ಟಿಪ್ಪಣಿಗಳಿದ್ದವು. ಮುಂದೆ ಆರು ವರ್ಷಗಳ ಕಾಯುವಿಕೆ, ತಿದ್ದುವಿಕೆಗಳಿದ್ದವು. ‘ಆನ್ ದ ರೋಡ್’ ಪ್ರಕಟವಾದುದು 1957ರಲ್ಲಿ. ಅದೇ ವರ್ಷ ಗಿನ್ಸ್‌ಬರ್ಗನ ‘ಹೌಲ್’ ಕಾವ್ಯ ಅಶ್ಲೀಲವಲ್ಲವೆಂದು ಸ್ಯಾನ್‌ಫ್ರಾನ್ಸಿಸ್ಕೋದ ನ್ಯಾಯಾಲಯ ತೀರ್ಪಿತ್ತಿತು. ಬರೆಹಗಾರನ ಸ್ವಾತಂತ್ರ್ಯಕ್ಕೆ ಅದೊಂದು ಮೈಲಿಗಲ್ಲು.

ಆ ಚಳವಳಿಯ ಪ್ರಭಾವ ಪುಸ್ತಕಗಳಲ್ಲಿಯೇ ನಿಲ್ಲಲಿಲ್ಲ. 1960ರ ದಶಕದ ಹಿಪ್ಪಿಗಳು, ಬಾಬ್ ಡಿಲನ್ನನ ಹಾಡು, ಅಮೆರಿಕದ ತರುಣರಲ್ಲಿ ಹುಟ್ಟಿದ ಬೌದ್ಧಧರ್ಮದ ಆಸಕ್ತಿ, ಇವೆಲ್ಲಕ್ಕೂ ಅದು ದಾರಿ ತೆರೆಯಿತು. 1962-63ರಲ್ಲಿ ಗಿನ್ಸ್‌ಬರ್ಗ್ ಕಲ್ಕತ್ತೆ, ಕಾಶಿಗಳಲ್ಲಿ ವಾಸವಾಗಿದ್ದು ಬಂಗಾಳದ ಕವಿಗಳೊಡನೆ ಬೆರೆತನು. ಕೆರುವಾಕನಾದರೋ ಬುದ್ಧನ ಜೀವನವನ್ನು ಬರೆದರೂ, ಆತನ ಶಾಂತಿಯನ್ನು ಪಡೆಯಲಿಲ್ಲ. ಕೀರ್ತಿ ಅವನನ್ನು ಕುಗ್ಗಿಸಿತು, ಕುಡಿತ ಮುಗಿಸಿತು. ತನ್ನನ್ನು ಗುರುವೆಂದು ಬಗೆದ ಹಿಪ್ಪಿಗಳನ್ನು ಅವನು ಮೆಚ್ಚಲಿಲ್ಲ. 1969ರ ಅಕ್ಟೋಬರ್ 21ರಂದು, 47ನೆಯ ವಯಸ್ಸಿನಲ್ಲಿ, ಫ್ಲಾರಿಡಾದಲ್ಲಿ ತೀರಿಕೊಂಡನು.

ಈ ಚರಿತ್ರೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದುದು ಒಂದು ಸಣ್ಣ ಸಂಗತಿ. 1946ರಲ್ಲಿ ತಂದೆ ಸತ್ತ ಮೇಲೆ ತಾಯಿ ಗೇಬ್ರಿಯೆಲ್ ಪಾದರಕ್ಷೆಯ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಳು. ಮಗ ಅಲೆದು ದಣಿದು ಮರಳಿ ಬರುತ್ತಿದ್ದುದು, ಕುಳಿತು ಬರೆಯುತ್ತಿದ್ದುದು ಆಕೆಯ ಮನೆಯಲ್ಲಿ. ಅವನಿಗೊಬ್ಬ ಮಗಳಿದ್ದಳು, ಅವಳನ್ನು ಬಹುಕಾಲ ತನ್ನವಳೆಂದು ಒಪ್ಪಲಿಲ್ಲ. ದಾರಿಯ ಸ್ವಾತಂತ್ರ್ಯ ಒಬ್ಬನದು. ಅದರ ಬೆಲೆ ತೆತ್ತವರು ಮನೆಯ ಹೆಂಗಸರು.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅವ್ವನ ಕೂಲಿಯ ಹಣ ನನ್ನ ಪುಸ್ತಕಗಳಲ್ಲಿದೆ. ಆದುದರಿಂದ ಪದವಿಯನ್ನು ತೊರೆದು ಹೊರಟವನನ್ನು ನಾನು ಸುಲಭವಾಗಿ ಹೊಗಳಲಾರೆ. ಆದರೆ ಪದವಿ ದೊರೆತು ನೌಕರಿ ಸಿಕ್ಕೊಡನೆ ಪ್ರಶ್ನೆ ಕೇಳುವುದನ್ನೇ ಮರೆತರೆ ಆ ಕೂಲಿಗೆ ನಾವು ಸಲ್ಲಿಸುವ ಗೌರವವಾದರೂ ಏನು? ಇಷ್ಟೇ ಸಾಕೇ ಎಂಬ ಆ ಪ್ರಶ್ನೆಯನ್ನು ಕೆರುವಾಕನಿಂದ ಪಡೆಯೋಣ. ಉತ್ತರವನ್ನು ಹುಡುಕುವಾಗ ಮಾತ್ರ, ನಮಗಾಗಿ ದುಡಿದವರನ್ನು ಹಿಂದೆ ಬಿಟ್ಟು ಹೋಗದಿರೋಣ.