ಗಣಿತವಿದುಷಿ ಸೋಫಿಯಾ ಕೊವಾಲೆವ್ಸ್ಕಾಯಾ

ಉತ್ತರಪತ್ರಿಕೆಯು ಕೈಗೆ ಮರಳಿದೊಡನೆ ನಾವೆಲ್ಲರೂ ಮೊದಲು ನೋಡುವುದು ಅಂಕಗಳನ್ನು. ಆದರೆ ತಪ್ಪೆಲ್ಲಿ, ಅದನ್ನು ತಿದ್ದುವ ಬಗೆ ಹೇಗೆ ಎಂದು ತಿಳಿಸುವ ಗುರುವಿನ ಮಾತು ಅಂಕಗಳಿಗಿಂತ ಬೆಲೆಯುಳ್ಳದ್ದೆಂಬುದು ಈ ಮಹಿಳೆಯ ಚರಿತ್ರೆಯಿಂದ ನಮಗೆ ಮನದಟ್ಟಾಗುವುದು.

ಈಕೆಯು 1850ನೆಯ ಇಸವಿಯಲ್ಲಿ ರಷ್ಯಾ ದೇಶದ ಮಾಸ್ಕೋ ನಗರದಲ್ಲಿ ಜನಿಸಿದಳು. ಬಾಲ್ಯದಲ್ಲಿ ಆಕೆಯ ಕೋಣೆಯ ಗೋಡೆಗೆ ಬಣ್ಣದ ಕಾಗದವು ಸಾಲದೆ, ಗಣಿತೋಪನ್ಯಾಸದ ಹಳೆಯ ಹಾಳೆಗಳನ್ನು ಅಂಟಿಸಿದ್ದರು. ಅರ್ಥವಾಗದಿದ್ದರೂ ಬಾಲಿಕೆಯು ಅವನ್ನು ಬಹಳ ಹೊತ್ತು ದಿಟ್ಟಿಸಿ ನೋಡುತ್ತಿದ್ದಳು. ಅಂದು ರಷ್ಯಾದ ವಿಶ್ವವಿದ್ಯಾನಿಲಯಗಳ ಬಾಗಿಲು ಸ್ತ್ರೀಯರಿಗೆ ಮುಚ್ಚಿತ್ತು. ಆದುದರಿಂದ 1868ರಲ್ಲಿ ವ್ಲಾದಿಮಿರ್ ಕೊವಾಲೆವ್ಸ್ಕಿ ಎಂಬಾತನನ್ನು ವಿವಾಹವಾಗಿ, ಮರುವರ್ಷ ವಿದ್ಯಾರ್ಜನೆಗಾಗಿ ಜರ್ಮನಿಗೆ ತೆರಳಿದಳು.

1870ರಲ್ಲಿ ಆಕೆಯು ಬರ್ಲಿನ್ ನಗರದ ಗಣಿತಾಚಾರ್ಯರಾದ ಕಾರ್ಲ್ ವೈಯರ್‌ಸ್ಟ್ರಾಸರನ್ನು ಕಂಡಳು. ಅವರು ಕಠಿನವಾದ ಲೆಕ್ಕಗಳನ್ನು ಕೊಟ್ಟು ಪರೀಕ್ಷಿಸಿದರು. ಆಕೆಯು ಬಿಡಿಸಿ ತಂದ ರೀತಿಯನ್ನು ಕಂಡು ಬೆರಗಾದರು. ವಿಶ್ವವಿದ್ಯಾನಿಲಯವು ಪ್ರವೇಶವನ್ನು ನಿರಾಕರಿಸಲು, ತಾವೇ ನಾಲ್ಕು ವರ್ಷ ಪ್ರತ್ಯೇಕವಾಗಿ ಪಾಠ ಹೇಳಿದರು. ಭಾನುವಾರ ಶಿಷ್ಯೆಯು ಗುರುಗಳ ಮನೆಗೆ ಹೋಗುವಳು; ವಾರದಲ್ಲಿ ಮತ್ತೊಂದು ದಿನ ಗುರುಗಳೇ ಆಕೆಯ ಮನೆಗೆ ಬರುವರು. ನಡುವಣ ದಿನಗಳಲ್ಲಿ ಕಾಗದಗಳ ಮೂಲಕ ವಿಚಾರವಿನಿಮಯವು ಸಾಗುತ್ತಿತ್ತು.

ಒಂದು ಬಗೆಯ ಸಮೀಕರಣಗಳಿಗೆ ಯಾವಾಗಲೂ ಇಂಥ ಉತ್ತರ ದೊರೆಯುವುದೆಂದು ಗುರುಗಳು ಊಹಿಸಿದ್ದರು. ಶಾಖವು ಹರಡುವುದನ್ನು ತಿಳಿಸುವ ಸಮೀಕರಣವನ್ನೇ ಮುಂದಿಟ್ಟು, ಆ ಊಹೆಯು ಎಲ್ಲೆಡೆಯೂ ಸಲ್ಲದೆಂದು ಶಿಷ್ಯೆಯು ತೋರಿಸಿದಳು. ಗುರುಗಳು ಮುನಿಯಲಿಲ್ಲ, ಅದನ್ನು ಮೆಚ್ಚಿ ಒಪ್ಪಿಕೊಂಡರು. 1874ರಲ್ಲಿ ಗಟ್ಟಿಂಗೆನ್ ವಿಶ್ವವಿದ್ಯಾನಿಲಯವು ಆಕೆಯ ಮೂರು ಪ್ರಬಂಧಗಳಿಗಾಗಿ ಡಾಕ್ಟರ್ ಪದವಿಯನ್ನಿತ್ತಿತು.

ಪದವಿಯೇನೋ ದೊರೆಯಿತು, ಉದ್ಯೋಗವು ದೊರೆಯಲಿಲ್ಲ. ಆಕೆಯು ಗಣಿತವನ್ನು ಬದಿಗಿಟ್ಟಳು. ಗುರುಗಳ ಕಾಗದಗಳಿಗೂ ಬಹುಕಾಲ ಉತ್ತರ ಬರೆಯಲಿಲ್ಲ. 1880ರಲ್ಲಿ ಮರಳಿ ಬಂದಾಗ ಅವರು ಹೊಸದೊಂದು ಪ್ರಶ್ನೆಯನ್ನು ಕೊಟ್ಟು ಅಭ್ಯಾಸಕ್ಕೆ ಹಚ್ಚಿದರು. 1883ರಲ್ಲಿ ಪತಿಯನ್ನು ಕಳೆದುಕೊಂಡ ಬಳಿಕ, ಪುಟ್ಟ ಮಗಳ ತಾಯಿಯಾದ ಆಕೆಯು 1884ರಿಂದ ಸ್ಟಾಕ್‌ಹೋಮಿನಲ್ಲಿ ಉಪನ್ಯಾಸವನ್ನಾರಂಭಿಸಿದಳು. 1888ರಲ್ಲಿ ಘನವಸ್ತುವಿನ ಭ್ರಮಣವನ್ನು ಕುರಿತ ಪ್ರಬಂಧಕ್ಕೆ ಪ್ಯಾರಿಸಿನ ಬೋರ್ದಾಂ ಪಾರಿತೋಷಕವು ಲಭಿಸಿತು. ಪ್ರಬಂಧದ ಯೋಗ್ಯತೆಯನ್ನು ಕಂಡು ಬಹುಮಾನವನ್ನು 3000 ಫ್ರಾಂಕುಗಳಿಂದ 5000ಕ್ಕೆ ಏರಿಸಿದರು. 1889ರಲ್ಲಿ ಪ್ರಾಧ್ಯಾಪಕ ಪದವಿಯು ಸ್ಥಿರವಾಯಿತು. 1891ರ ಫೆಬ್ರವರಿ 10ರಂದು, 41ನೆಯ ವಯಸ್ಸಿನಲ್ಲಿ ಆಕೆಯು ನಿಧನಹೊಂದಿದಳು.

ಓದಿ, ತೂಗಿ, ತಿದ್ದಿ, ಮರಳಿ ಪ್ರಯತ್ನಿಸಲು ಎಡೆಗೊಡುವ ಗುರುವೊಬ್ಬರು ದೊರೆತುದು ಈಕೆಯ ಭಾಗ್ಯ. ಸಹೋದರಿಯರೇ, ನಮ್ಮ ಪುಸ್ತಕಗಳಲ್ಲಿಯ ಕೆಂಪು ಶಾಯಿಯ ಬರಹವನ್ನು ನಾವು ಇನ್ನು ಅವಮಾನವೆಂದೆಣಿಸದೆ, ಕೊನೆಯವರೆಗೂ ಓದೋಣ. ತಿಳಿಯದಿದ್ದಲ್ಲಿ ಅಂಜದೆ ಕೇಳೋಣ.